ಎಸ್ಸವೀರಾಕ್ಕೆ ಹೋಗುವವರಿಗೆ: ಅರಾರ್ ಮರದ ಊರಿನಲ್ಲಿ ಮೂರು ದಿನ

ಮೊರಾಕ್ಕೊಗೆ ಹೊರಟವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮರಾಕೇಶ್‌ನಿಂದ ಬೆಳಿಗ್ಗೆ ಹೊರಟು ಎಸ್ಸವೀರಾ ನೋಡಿಕೊಂಡು ಸಂಜೆಗೆ ಬಂದುಬಿಟ್ಟರೆ ಸಾಕಲ್ಲವೇ?" ಅದರ ಬೆನ್ನಿಗೇ ಎರಡನೆಯದು: "ಅಲ್ಲಿಯ ಅರಾರ್ ಎಂಬ ಕಂಪಿನ ಮರದ ಪೆಟ್ಟಿಗೆ ಅಸಲಿಯೇ ನಕಲಿಯೇ ಎಂದು ತಿಳಿಯುವುದು ಹೇಗೆ?"

ಮೊದಲನೆಯದಕ್ಕೆ ನನ್ನ ಉತ್ತರ: ಸಾಲದು. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಮತ್ತು ಅದು ಮೊದಲನೆಯದನ್ನೇ ಆಧರಿಸಿದೆ. ಮರಾಕೇಶ್‌ನಿಂದ ಬಸ್ಸಿನಲ್ಲಿ ಮೂರು ಗಂಟೆ ಹೋಗಲು, ಮೂರು ಗಂಟೆ ಬರಲು. ನಡುವೆ ಉಳಿಯುವ ನಾಲ್ಕೈದು ಗಂಟೆಯಲ್ಲಿ ಅಂಗಡಿ ನೋಡಬಹುದು, ಮರಗೆಲಸ ನೋಡಲಾಗದು. ಈ ಊರಿಗೆ ಹೋಗುವುದೇ ಆ ಕುಶಲಕರ್ಮಿಗಳ ಕೆಲಸ ನೋಡಲು. ಎರಡು ರಾತ್ರಿಯಾದರೂ ಉಳಿಯಿರಿ, ಮೂರಾದರೆ ಇನ್ನೂ ಒಳ್ಳೆಯದು. ಮುಂದಿನ ಹಂತಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ.

1. ಹೊರಡುವ ಮೊದಲು ಊರಿನ ಪರಿಚಯ

ಎಸ್ಸವೀರಾ ಮೊರಾಕ್ಕೊದ ಅಟ್ಲಾಂಟಿಕ್ ತೀರದ ಕೋಟೆಯೂರು. ಹಳೆಯ ಹೆಸರು ಮೊಗಡೋರ್. ಪೋರ್ಚುಗೀಸರು 1506ರಲ್ಲಿ ಇಲ್ಲಿ ಕೋಟೆ ಕಟ್ಟಿದ್ದರಾದರೂ ಇಂದು ಕಾಣುವ ಊರು 18ನೇ ಶತಮಾನದ್ದು. 1760ರ ದಶಕದಲ್ಲಿ ಸುಲ್ತಾನ ಸಿದಿ ಮೊಹಮ್ಮದ್ ಬಿನ್ ಅಬ್ದುಲ್ಲಾ ಯುರೋಪಿನೊಡನೆ ವ್ಯಾಪಾರಕ್ಕೆಂದು ಇದನ್ನು ಕಟ್ಟಿಸಿದ. ನಕ್ಷೆ ಹಾಕಿದವರಲ್ಲಿ ಥಿಯೊಡೋರ್ ಕೊರ್ನೂ ಎಂಬ ಫ್ರೆಂಚ್ ಎಂಜಿನಿಯರ್ ಮುಖ್ಯನಾದವನು. ಆದ್ದರಿಂದಲೇ ಫೆಸ್ ಅಥವಾ ಮರಾಕೇಶ್‌ನ ಸಿಕ್ಕುಸಿಕ್ಕಾದ ಓಣಿಗಳು ಇಲ್ಲಿಲ್ಲ. ಮುಖ್ಯ ಬೀದಿಗಳು ನೇರವಾಗಿವೆ, ದಾರಿ ತಪ್ಪುವ ಭಯ ಕಡಿಮೆ. ಕೋಟೆಯೊಳಗಿನ ಹಳೆಯ ಊರಿಗೆ 'ಮೆದಿನಾ' ಎನ್ನುತ್ತಾರೆ. 2001ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿತು.

ನಾಲ್ಕು ಜಾಗಗಳ ಹೆಸರು ನೆನಪಿಟ್ಟುಕೊಂಡರೆ ಸಾಕು. 'ಬಾಬ್' ಎಂದರೆ ಹೆಬ್ಬಾಗಿಲು: ದಕ್ಷಿಣದ ಕಡೆ ಬಾಬ್ ಮರಾಕೇಶ್, ಉತ್ತರದ ಕಡೆ ಬಾಬ್ ದುಕ್ಕಾಲಾ. ಬಂದರಿನ ಹತ್ತಿರದ ದೊಡ್ಡ ಬಯಲು ಮುಲಾಯ್ ಹಸನ್ ಚೌಕ. 'ಸ್ಕಾಲಾ' ಎಂದರೆ ಸಮುದ್ರಕ್ಕೆ ಮುಖ ಮಾಡಿ ಸಾಲಾಗಿ ಫಿರಂಗಿಗಳನ್ನು ನಿಲ್ಲಿಸಿದ ಕೋಟೆಗೋಡೆ. ಈ ಗೋಡೆಯ ಕೆಳಗಿನ ಕಮಾನು ಕೋಣೆಗಳು ಒಂದು ಕಾಲಕ್ಕೆ ಉಗ್ರಾಣಗಳಾಗಿದ್ದವು. ಈಗ ಮರಗೆಲಸದವರ ಕಾರ್ಯಾಗಾರಗಳಾಗಿವೆ. ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಅಲ್ಲಿ.

2. ಯಾವಾಗ ಹೋಗಬೇಕು

ಇದು ಗಾಳಿಯ ಊರು. ಬೇಸಗೆಯಲ್ಲಿ ಮರಾಕೇಶ್ 40 ಡಿಗ್ರಿಯಲ್ಲಿ ಬೇಯುವಾಗ ಇಲ್ಲಿ 22-23 ಡಿಗ್ರಿ ಇರುತ್ತದೆ. ಆದರೆ ವಾಣಿಜ್ಯ ಮಾರುತ ಬಿಡದೆ ಬೀಸಿ ಮರಳನ್ನು ಮುಖಕ್ಕೆರಚುತ್ತದೆ. ಆಫ್ರಿಕ ಎಂದು ಹತ್ತಿಯ ತೆಳು ಬಟ್ಟೆ ಮಾತ್ರ ತುಂಬಿಕೊಂಡು ಬಂದವರು ಸಂಜೆ ನಡುಗುತ್ತಾರೆ. ಯಾವ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಮತ್ತು ತಲೆಗೆ ಕಟ್ಟುವ ಬಟ್ಟೆ ಇರಲಿ. ಸಮುದ್ರದ ನೀರೂ ತಣ್ಣಗಿರುತ್ತದೆ. ಗೋವಾ, ಗೋಕರ್ಣದ ಹಾಗೆ ಈಜುವ ಆಸೆ ಬೇಡ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಆರಂಭದವರೆಗಿನ ಕಾಲವೇ ನನ್ನ ಆಯ್ಕೆ: ಗಾಳಿ ಇಳಿದಿರುತ್ತದೆ, ಜನರೂ ಕಡಿಮೆ. ತಪ್ಪಿಸಬೇಕಾದದ್ದು ಜೂನ್‌ನಲ್ಲಿ ನಡೆಯುವ ಗ್ನಾವಾ ಸಮುದಾಯದ ಸಂಗೀತೋತ್ಸವದ ವಾರ. 1998ರಿಂದ ನಡೆದುಬಂದಿರುವ ಈ ಉತ್ಸವ ಸಂಗೀತ ಕೇಳುವವರಿಗೆ ಹಬ್ಬವೇ ಸರಿ. ಆದರೆ ಆಗ ಕೋಣೆಗಳು ಸಿಗುವುದಿಲ್ಲ, ಕುಶಲಕರ್ಮಿಗಳಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ.

ರಂಜಾನ್ ತಿಂಗಳಲ್ಲಿ ಕಾರ್ಯಾಗಾರಗಳು ತಡವಾಗಿ ತೆರೆದು ಬೇಗ ಮುಚ್ಚುತ್ತವೆ. ಮೊರಾಕ್ಕೊ ಆ ತಿಂಗಳ ಮಟ್ಟಿಗೆ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಬಸ್ಸು, ವಿಮಾನದ ಸಮಯ ನೋಡುವಾಗ ಎಚ್ಚರ. ಉಳಿದ ತಿಂಗಳಲ್ಲಿ ಶುಕ್ರವಾರ ಮಧ್ಯಾಹ್ನ ನಮಾಜು ಮತ್ತು ಮನೆಯ ಕುಸ್‌ಕುಸ್ ಊಟಕ್ಕಾಗಿ ಹಲವರು ಬಾಗಿಲೆಳೆದುಕೊಳ್ಳುತ್ತಾರೆ. ನಿಮ್ಮ ಕಾರ್ಯಾಗಾರದ ದಿನ ಶುಕ್ರವಾರ ಆಗದಿರಲಿ.

3. ಕಾಗದಪತ್ರ ಮತ್ತು ಹಣ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕು. ಮೊರಾಕ್ಕೊ 2022ರಲ್ಲಿ ಇ-ವೀಸಾ ಆರಂಭಿಸಿದೆ. ಅರ್ಜಿ ಹಾಕುವ ದಿನ ಸರ್ಕಾರದ ಅಧಿಕೃತ ಪುಟದಲ್ಲೇ ಅರ್ಹತೆ ಮತ್ತು ಶುಲ್ಕ ನೋಡಿಕೊಳ್ಳಿ. ಹೆಸರಿನಲ್ಲಿ ಅಧಿಕೃತವೆಂಬಂತೆ ತೋರುವ ಮಧ್ಯವರ್ತಿ ಜಾಲತಾಣಗಳು ದುಪ್ಪಟ್ಟು ಹಣ ಕೀಳುತ್ತವೆ. ಯುರೋಪ್ ಅಥವಾ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿಯ ವಾಸಪತ್ರದ ಆಧಾರದ ಮೇಲೆ ಇರುವ ಪ್ರತ್ಯೇಕ ನಿಯಮವನ್ನು ಓದಿಕೊಳ್ಳಬೇಕು.

ನಾಣ್ಯ ದಿರ್ಹಾಮ್. ಅದನ್ನು ಮೊರಾಕ್ಕೊದ ಒಳಗೇ ಪಡೆಯಬೇಕು. ರೂಪಾಯಿ ಅಲ್ಲಿ ನಡೆಯದು. ಯುರೋ ಅಥವಾ ಡಾಲರ್ ಒಯ್ಯಿರಿ. ಕಾರ್ಯಾಗಾರಗಳಲ್ಲಿ ನಗದೇ ಬೇಕಾಗುತ್ತದೆ, ಹಾಗಾಗಿ ಚಿಕ್ಕ ನೋಟುಗಳನ್ನು ಕೂಡಿಸಿಟ್ಟುಕೊಳ್ಳಿ.

ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಡ್ರೋನ್ ಒಯ್ಯಬೇಡಿ. ಪರವಾನಗಿ ಇಲ್ಲದೆ ಅದನ್ನು ದೇಶದೊಳಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡಿದಿಡುತ್ತಾರೆ.

4. ತಲುಪುವುದು

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಗಲ್ಫ್‌ನ ಯಾವುದಾದರೂ ನಗರದಲ್ಲಿ ಬದಲಿಸಿ ಕಾಸಾಬ್ಲಾಂಕಾ, ಅಲ್ಲಿಂದ ರೈಲಿನಲ್ಲಿ ಮರಾಕೇಶ್, ಅಲ್ಲಿಂದ ಬಸ್ಸು. ಸಿಟಿಎಂ ಮತ್ತು ಸುಪ್ರಾಟೂರ್ಸ್ ಎಂಬೆರಡು ಸಂಸ್ಥೆಗಳ ಬಸ್ಸುಗಳನ್ನು ನೆಚ್ಚಬಹುದು. ಸುಪ್ರಾಟೂರ್ಸ್ ಮೊರಾಕ್ಕೊ ರೈಲ್ವೆಯದೇ ಬಸ್ ಸೇವೆ. ಮರಾಕೇಶ್ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುತ್ತದೆ. ಹಿಂದಿನ ದಿನವೇ ಟಿಕೆಟ್ ತೆಗೆದುಕೊಳ್ಳಿ. ಲಗೇಜಿಗೆ ಬೇರೆ ಚೀಟಿ ಮಾಡಿಸಬೇಕಾಗಬಹುದು, ಅದಕ್ಕೆ ಹತ್ತು ನಿಮಿಷ ಮೊದಲೇ ಹೋಗಿ.

ದಾರಿಯಲ್ಲಿ ಆರ್ಗನ್ (ಬೀಜದಿಂದ ಎಣ್ಣೆ ತೆಗೆಯುವ) ಮರಗಳ ಮೇಲೆ ಆಡುಗಳು ನಿಂತಿರುವುದು ಕಾಣಬಹುದು. ಆಡುಗಳು ಆ ಮರ ಹತ್ತಿ ಹಣ್ಣು ತಿನ್ನುವುದು ನಿಜ. ಆದರೆ ರಸ್ತೆಯ ಪಕ್ಕದಲ್ಲಿ, ಕೊಂಬೆಗೊಂದರಂತೆ, ಅಲುಗಾಡದೆ ನಿಂತಿರುವ ಆಡುಗಳನ್ನು ಫೋಟೊ ಕಾಸಿಗಾಗಿ ಏರಿಸಿ ನಿಲ್ಲಿಸಿರುತ್ತಾರೆ, ಕೆಲವೊಮ್ಮೆ ಕಟ್ಟಿಯೂ ಇರುತ್ತಾರೆ. ಬಾಡಿಗೆ ಕಾರಿನಲ್ಲಿ ಹೋಗುವವರು ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ. ನೀವು ಕೊಡುವ ಹಣ ಆ ಪ್ರಾಣಿಗಳನ್ನು ಮರುದಿನವೂ ಬಿಸಿಲಿನಲ್ಲಿ ನಿಲ್ಲಿಸುತ್ತದೆ.

ಮೆದಿನಾದೊಳಗೆ ವಾಹನ ಬರುವುದಿಲ್ಲ. ಹೆಬ್ಬಾಗಿಲಲ್ಲಿ ಕೈಗಾಡಿಯ ಹಮಾಲಿಗಳು ಇರುತ್ತಾರೆ. ಗಾಡಿಗೆ 'ಕರ್ರೋಸಾ' ಎನ್ನುತ್ತಾರೆ. ಸಾಮಾನು ಏರಿಸುವ ಮೊದಲೇ ಕೂಲಿ ಮಾತಾಡಿಕೊಳ್ಳಿ. ಎಷ್ಟು ಕೊಡುವುದು ನ್ಯಾಯ ಎಂದು ಉಳಿಯುವ ಮನೆಯವರನ್ನೇ ಮುಂಚಿತವಾಗಿ ವಿಚಾರಿಸಿ.

5. ಮೊದಲ ದಿನ: ಏನನ್ನೂ ಕೊಳ್ಳಬೇಡಿ

ಇದು ಸಲಹೆಗಿಂತ ಹೆಚ್ಚಿನದು. ಮೊದಲ ದಿನ ಕಣ್ಣು ಪಳಗಬೇಕು, ಅಷ್ಟೇ. ಹಳೆಯ ಮನೆಯೊಂದರಲ್ಲಿರುವ ಸಿದಿ ಮೊಹಮ್ಮದ್ ಬಿನ್ ಅಬ್ದುಲ್ಲಾ ವಸ್ತುಸಂಗ್ರಹಾಲಯದಿಂದ ಆರಂಭಿಸಿ. ಹಳೆಯ ಮರಗೆಲಸ, ಆಭರಣ, ನೇಯ್ಗೆ, ವಾದ್ಯಗಳು ಅಲ್ಲಿವೆ. ಹಳೆಯದರ ಅಂಚು, ಕೂಡು, ನುಣುಪನ್ನು ಒಮ್ಮೆ ನೋಡಿಕೊಂಡರೆ ಅಂಗಡಿಯ ಸಾಮಾನನ್ನು ತೂಗಿ ನೋಡಲು ಕಲ್ಲು ಸಿಕ್ಕಂತೆ.

ಅಲ್ಲಿಂದ ಬಂದರಿಗೆ ನಡೆಯಿರಿ. ನೀಲಿ ದೋಣಿಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ನೀವು ಅದರ ಪಕ್ಕದಲ್ಲಿ ಮೀನುಗಾರಿಕೆಯ ಮರದ ಹಡಗು ಕಟ್ಟುವ ಜಾಗದಲ್ಲಿ ನಿಂತು ನೋಡಿ. ಪಕ್ಕೆಲುಬಿನಂಥ ತೊಲೆಗಳನ್ನು ಒಂದೊಂದಾಗಿ ಕೂರಿಸುವುದು ಕಾಣುತ್ತದೆ. ಈ ಊರಿನವರ ಕೈಗೂ ಮರಕ್ಕೂ ಇರುವ ನಂಟು ಪೆಟ್ಟಿಗೆಯಲ್ಲೇ ಮುಗಿಯುವುದಿಲ್ಲ.

ಸಂಜೆ ಮೆಲ್ಲಾ, ಅಂದರೆ ಹಳೆಯ ಯಹೂದಿ ಕೇರಿಯ ಕಡೆ ಹೋಗಿ. 19ನೇ ಶತಮಾನದಲ್ಲಿ ಊರಿನ ಜನಸಂಖ್ಯೆಯ ದೊಡ್ಡ ಪಾಲು ಯಹೂದಿಗಳದ್ದು. ವ್ಯಾಪಾರ, ಬೆಳ್ಳಿ ಕೆಲಸ ಎರಡರಲ್ಲೂ ಅವರು ಹೆಸರಾಗಿದ್ದರು. 20ನೇ ಶತಮಾನದ ನಡುವಿನಲ್ಲಿ ಬಹುತೇಕ ಎಲ್ಲರೂ ವಲಸೆ ಹೋದರು. ಅವರ ನೆನಪನ್ನು ಕಾಪಿಟ್ಟ 'ಬೈತ್ ದಾಕಿರಾ', ನೆನಪಿನ ಮನೆ, 2020ರಲ್ಲಿ ತೆರೆದಿದೆ. ಮಸೀದಿಗಳ ಒಳಗೆ ಮಾತ್ರ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಬಾಗಿಲಲ್ಲಿ ನಿಂತು ಇಣುಕುವುದೂ ಬೇಡ.

6. ಎರಡನೆಯ ದಿನ: ಅರಾರ್ ಮರವನ್ನು ಓದುವುದು

ಬೆಳಿಗ್ಗೆ ಹತ್ತರ ಹೊತ್ತಿಗೆ ಸ್ಕಾಲಾ ಗೋಡೆಯ ಕೆಳಗಿನ ಸಾಲಿಗೆ ಹೋಗಿ. ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ: ಮೆಣಸು, ದೇವದಾರು, ಜೇನು ಬೆರೆತಂಥ ಕಂಪು. ಅದೇ ಅರಾರ್. ಫ್ರೆಂಚರು ಕೊಟ್ಟ ಹೆಸರು ತೂಯಾ. ಅಂಗಡಿಗಳಲ್ಲಿ ಈ ಹೆಸರೇ ಹೆಚ್ಚು. ಸಸ್ಯಶಾಸ್ತ್ರದಲ್ಲಿ ಟೆಟ್ರಾಕ್ಲಿನಿಸ್ ಆರ್ಟಿಕ್ಯುಲೇಟಾ. ಹಿಂದಿನ ಕಾಲದ ವರ್ಣಚಿತ್ರಕಾರರು ವಾರ್ನಿಷ್‌ಗೆ ಬಳಸುತ್ತಿದ್ದ ಸ್ಯಾಂಡರಾಕ್ ಅಂಟು ಇದೇ ಮರದ್ದು. ರೋಮನ್ ಶ್ರೀಮಂತರಿಗೆ ಈ ಮರದ ಮೇಜಿನ ಹುಚ್ಚಿತ್ತು; ಹೆಸರಾಂತ ವಾಗ್ಮಿ ಸಿಸೆರೊ ಒಂದು ಮೇಜಿಗೆ ಐದು ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಕೊಟ್ಟಿದ್ದನೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ.

ಬೆಲೆಯೆಲ್ಲ ಇರುವುದು ಬೇರುಗಂಟಿನಲ್ಲಿ. ಕಾಂಡದ ಬುಡದಲ್ಲಿ, ಮಣ್ಣಿನೊಳಗೆ ಮರ ಗಂಟುಗಟ್ಟುತ್ತದೆ. ಅದನ್ನು ಸೀಳಿದರೆ ಕೆಂಗಂದು ಬಣ್ಣದ ಮೈಮೇಲೆ ನೂರಾರು ಚಿಕ್ಕ ಕಣ್ಣುಗಳು. ಕಾಂಡದ ಮರಕ್ಕೆ ಈ ಕಣ್ಣುಗಳಿಲ್ಲ, ನೇರ ಎಳೆಗಳಿರುತ್ತವೆ. ಅದರ ಬೆಲೆಯೂ ಕಡಿಮೆ. ಎರಡೂ ಅರಾರೇ. ಮೋಸ ಆಗುವುದು ಕಾಂಡದ ಮರವನ್ನು ಗಂಟಿನ ಬೆಲೆಗೆ ಮಾರಿದಾಗ.

ಇಲ್ಲೊಂದು ಕಷ್ಟದ ಮಾತೂ ಇದೆ. ಕಡಿದರೂ ಬುಡದಿಂದ ಮತ್ತೆ ಚಿಗುರುವ ಗುಣ ಅರಾರ್‌ಗೆ ಉಂಟು. ಪೈನ್, ಸೈಪ್ರೆಸ್ ಮೊದಲಾದ ಶಂಕುಧಾರಿ ಮರಗಳ ಬಳಗದಲ್ಲಿ ಇದು ಅಪರೂಪ. ಆದರೆ ಚಿಗುರುವ ಶಕ್ತಿ ಇರುವುದು ಆ ಗಂಟಿನಲ್ಲೇ. ಗಂಟು ಅಗೆದರೆ ಮರ ಸತ್ತಂತೆ. ಮರ ಬೆಳೆಯುವುದು ಬಹಳ ನಿಧಾನ, ಕಳ್ಳತನದ ಕಡಿತವೂ ಇದೆ. ಹಾಗೆಂದು ಕೊಳ್ಳಲೇಬೇಡಿ ಎಂದು ನಾನು ಹೇಳಲಾರೆ, ಆ ಕೈಗಳ ಅನ್ನ ಅದರಲ್ಲಿದೆ. ಹತ್ತು ಜನಕ್ಕೆ ಹಂಚಲು ಹತ್ತು ಕೀಲಿಕೈ ಗೊಂಚಲು ಕೊಳ್ಳುವ ಬದಲು ನಿಮ್ಮ ಮೊಮ್ಮಕ್ಕಳಿಗೆ ಉಳಿಯುವ ಒಂದೇ ಒಂದು ವಸ್ತುವನ್ನು ಕೊಳ್ಳಿ. ಗಂಟಿನ ಮರಕ್ಕೆ ಅಷ್ಟಾದರೂ ಗೌರವ ಸಲ್ಲಬೇಕು.

ಈಗ ಪರೀಕ್ಷೆಯ ಕ್ರಮ. ಪೆಟ್ಟಿಗೆ ಕೈಗೆತ್ತಿಕೊಂಡು ಹೀಗೆ ನೋಡಿ:

ಮೊದಲು ಮುಚ್ಚಳ ತೆರೆದು ಅಂಚು ನೋಡಿ. ಮೇಲ್ಮೈಯ ಕಣ್ಣು, ಎಳೆಗಳು ಅಂಚಿನಲ್ಲಿ ಮುಂದುವರಿದಿದ್ದರೆ ಅದು ಇಡೀ ಮರ. ಅಂಚಿನಲ್ಲಿ ಕಾಗದದಷ್ಟು ತೆಳ್ಳಗಿನ ಪದರ, ಕೆಳಗೆ ಬೇರೆ ಬಣ್ಣದ ಮರ ಕಂಡರೆ ಅದು ಮೇಲೆ ಅಂಟಿಸಿದ ಹಾಳೆ. ಅಂಟಿಸಿದ್ದೆಲ್ಲ ಮೋಸವಲ್ಲ, ದೊಡ್ಡ ಮೇಜುಗಳಲ್ಲಿ ಹಾಗೆ ಮಾಡುವುದು ವಾಡಿಕೆ. ಬೆಲೆ ಅದಕ್ಕೆ ತಕ್ಕಂತಿರಬೇಕು, ಅಷ್ಟೇ.

ಒಳಗೆ ಮೂಸಿ ನೋಡಿ. ಅಸಲಿ ಮರದ ಕಂಪು ಮುಚ್ಚಿದ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ನಿಲ್ಲುತ್ತದೆ. ಬರೀ ವಾರ್ನಿಷ್ ಘಾಟು ಹೊಡೆದರೆ ಕೆಳಗಿಡಿ.

ಒಂದೇ ಬಗೆಯ ನಾಲ್ಕು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಡಿಸಿ. ಕಣ್ಣುಗಳು ನಾಲ್ಕರಲ್ಲೂ ಒಂದೇ ಜಾಗದಲ್ಲಿದ್ದರೆ ಅದು ಅಚ್ಚು ಹಾಕಿದ ಚಿತ್ರ, ಮರವಲ್ಲ.

ಇನ್‌ಲೇ ಇದ್ದರೆ ಉಗುರನ್ನು ಅದರ ಮೇಲೆ ಅಡ್ಡಡ್ಡ ಎಳೆಯಿರಿ. ಇನ್‌ಲೇ ಎಂದರೆ ಒಂದು ಮರದ ಮೈಯನ್ನು ಕೆತ್ತಿ ಬೇರೆ ಬಣ್ಣದ ತುಂಡುಗಳನ್ನು ಕೂರಿಸುವ ಕೆಲಸ. ಮೈಸೂರಿನ ಬೀಟೆ ಮರದ ಫಲಕಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಮೈಸೂರಿನವರು ಆನೆ, ಹಳ್ಳಿ, ದೇವರ ಚಿತ್ರ ಕೂರಿಸಿದರೆ ಇಲ್ಲಿಯವರು ಹೆಚ್ಚಾಗಿ ನಕ್ಷತ್ರ, ಚೌಕ, ಬಳ್ಳಿಗಳನ್ನು ಕೂರಿಸುತ್ತಾರೆ. ಹಳದಿಗೆ ನಿಂಬೆ ಮರ, ಕಪ್ಪಿಗೆ ಕರಿಮರ, ಹೊಳಪಿಗೆ ಮುತ್ತಿನ ಚಿಪ್ಪು. ಉಗುರು ಎಲ್ಲೂ ತಡೆಯದೆ ಜಾರಿದರೆ ಕೈ ಒಳ್ಳೆಯದು. ಸಂದಿನಲ್ಲಿ ಮರದ ಪುಡಿಯನ್ನೂ ಅಂಟನ್ನೂ ಕಲಸಿ ತುಂಬಿದ್ದರೆ ಗೆರೆಗಳು ಮಸುಕಾಗಿ ಕಾಣುತ್ತವೆ.

ಕೊನೆಗೆ ಬಿಜಾಗರಿ ಮತ್ತು ತಳ. ಅವಸರದ ಕೆಲಸ ಅಲ್ಲೇ ಸಿಕ್ಕಿಬೀಳುತ್ತದೆ.

ಕುಶಲಕರ್ಮಿಯನ್ನು 'ಮಾಲೆಮ್' ಎಂದು ಕರೆಯಿರಿ. ಗುರು, ಮೇಸ್ತ್ರಿ ಎರಡೂ ಅರ್ಥ ಸೇರಿದ ಮರ್ಯಾದೆಯ ಮಾತು ಅದು. ಒಳಗೆ ಹೋಗುವಾಗ 'ಸಲಾಮ್ ಅಲೈಕುಮ್', ಕೆಲಸ ನೋಡಿ ಹೊರಡುವಾಗ 'ಅಲ್ಲಾ ಯಾತಿಕ್ ಸ್ಸಹಾ', ಅಂದರೆ ದೇವರು ನಿಮಗೆ ಆರೋಗ್ಯ ಕೊಡಲಿ. ದುಡಿಯುವವರಿಗೆ ಹೇಳುವ ಈ ಒಂದು ಮಾತು ಹತ್ತು ಫ್ರೆಂಚ್ ವಾಕ್ಯಗಳಿಗಿಂತ ಹೆಚ್ಚು ಬಾಗಿಲು ತೆರೆಯುತ್ತದೆ. ಫೋಟೊ ತೆಗೆಯುವ ಮುನ್ನ ಕೇಳಿ. ಪುದೀನಾ ಚಹಾ ಕೊಟ್ಟರೆ ಕುಡಿಯಿರಿ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂಬ ಕಟ್ಟಿಲ್ಲ.

7. ಬೆಲೆ ಮಾತಾಡುವುದು

ಎಸ್ಸವೀರಾದ ವ್ಯಾಪಾರಿಗಳು ಮರಾಕೇಶ್‌ನವರಷ್ಟು ಬೆನ್ನು ಹತ್ತುವುದಿಲ್ಲ. ಚೌಕಾಸಿ ಇದೆ, ಆದರೆ ತಗ್ಗಿದ ದನಿಯಲ್ಲಿ. 'ಬ್‌ಶ್‌ಹಾಲ್ ಹಾದಾ?' ಎಂದರೆ ಇದಕ್ಕೆಷ್ಟು. 'ಗಾಲಿ ಬೆಝ್ಝಾಫ್' ಎಂದರೆ ಬಹಳ ದುಬಾರಿ. ಬೇಡವಾದರೆ 'ಲಾ, ಶುಕ್ರನ್'. ಮರಾಕೇಶ್‌ನಲ್ಲಿ ಐದನೆಯ ಮೊಹಮ್ಮದ್ ಹೆಸರಿನ ಹೆಬ್ಬೀದಿಯಲ್ಲಿರುವ ಸರ್ಕಾರಿ ಕುಶಲಕರ್ಮಿ ಸಂಕೀರ್ಣವನ್ನು ಬರುವ ದಾರಿಯಲ್ಲೇ ನೋಡಿ. ಅಲ್ಲಿ ಚೌಕಾಸಿಯ ಗದ್ದಲ ಕಡಿಮೆ, ಬೆಲೆಯ ಅಂದಾಜು ಸಿಗುತ್ತದೆ.

ಹೊಸಬರು ಎಡವುವ ಜಾಗ ರಿಯಾಲ್. ಚಲಾವಣೆಯಲ್ಲಿಲ್ಲದಿದ್ದರೂ ಹಳೆಯ ತಲೆಮಾರಿನವರು ಸಂತೆಯಲ್ಲಿ ಬೆಲೆಯನ್ನು ರಿಯಾಲ್‌ನಲ್ಲಿ ಹೇಳುತ್ತಾರೆ. 20 ರಿಯಾಲ್ ಸೇರಿದರೆ ಒಂದು ದಿರ್ಹಾಮ್. 'ಸಾವಿರ' ಎಂದು ಕೇಳಿ ಬೆಚ್ಚಿ ಹೊರಟವರು ಬಿಟ್ಟುಬಂದದ್ದು 50 ದಿರ್ಹಾಮ್‌ನ ವಸ್ತುವಾಗಿರಬಹುದು. ಸಂಶಯವಿದ್ದರೆ ಕಾಗದದ ಮೇಲೆ ಬರೆಸಿ.

ಕೊಳ್ಳುವ ಮನಸ್ಸಿಲ್ಲದೆ ಬೆಲೆ ಇಳಿಸುತ್ತಾ ಹೋಗಬೇಡಿ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಹಿಂದೆ ಸರಿಯುವುದು ಅಲ್ಲಿ ಅವಮಾನ. ನಿಮ್ಮ ಕಣ್ಣೆದುರು ಮೂರು ದಿನದ ಕೆಲಸ ಮಾಡಿದವರ ಜತೆ ಕೊನೆಯ ಇಪ್ಪತ್ತು ದಿರ್ಹಾಮ್‌ಗೆ ಹಟ ಹಿಡಿಯುವುದೂ ಬೇಡ.

8. ಮರವಲ್ಲದೆ ಇನ್ನೇನು

ಬೆಳ್ಳಿ: ಎಳೆ ಎಳೆ ತಂತಿ ಹೆಣೆದು ಮಾಡುವ ಸೂಕ್ಷ್ಮ ಕೆಲಸ ಇಲ್ಲಿಯ ಯಹೂದಿ ಅಕ್ಕಸಾಲಿಗರ ಕೊಡುಗೆ; ಈಗ ಮುಸ್ಲಿಮ್ ಕುಟುಂಬಗಳ ಕೈಯಲ್ಲಿದೆ. ಬೆಳ್ಳಿಗೆ 'ನುಕ್ರಾ' ಎನ್ನುತ್ತಾರೆ, ತೂಕದ ಮೇಲೆ ಮಾರುತ್ತಾರೆ. ತಕ್ಕಡಿಗೆ ಹಾಕಲು ಒಪ್ಪದ ಅಂಗಡಿಯದು ಬಿಳಿ ಲೋಹ ಎಂದೇ ತಿಳಿಯಿರಿ. 'ಅಂಬರ್' ಎಂದು ತೋರಿಸುವ ದಪ್ಪ ಹಳದಿ ಮಣಿಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್. ದಂತ, ಹವಳ ಯಾವ ಬೆಲೆಗೂ ಬೇಡ, ಗಡಿಯಲ್ಲಿ ತೊಂದರೆ.

ಗಿಂಬ್ರಿ: ಮೂರು ತಂತಿಗಳ ತಗ್ಗು ದನಿಯ ವಾದ್ಯ. ಮರದ ದಿಮ್ಮಿ ಕೊರೆದು ಒಂಟೆಯ ಚರ್ಮ ಬಿಗಿಯುತ್ತಾರೆ. ಗುಲಾಮರಾಗಿ ಸಹಾರಾದ ದಕ್ಷಿಣದಿಂದ ತರಲ್ಪಟ್ಟವರ ವಂಶಜರಾದ ಗ್ನಾವಾ ಜನರ ವಾದ್ಯ ಇದು. ಇಡೀ ರಾತ್ರಿ ನಡೆಯುವ, ರೋಗ ನೀಗಿಸುವ ಆಚರಣೆಯಲ್ಲಿ ಇದನ್ನು ನುಡಿಸುತ್ತಾರೆ. ಗ್ನಾವಾ ಪರಂಪರೆ 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ದಮಾಮಿಯನ್ನು ಕೇಳಿದವರಿಗೆ, ಆಫ್ರಿಕದಿಂದ ಕಿತ್ತು ತಂದವರು ದೂರದ ನೆಲಗಳಲ್ಲಿ ಉಳಿಸಿಕೊಂಡ ನಾದ ಎಂಬ ಎಳೆ ಇಲ್ಲಿ ಥಟ್ಟನೆ ತಾಗುತ್ತದೆ. ನುಡಿಸಲು ಬಾರದವರು ಅಲಂಕಾರಕ್ಕೆಂದು ದೊಡ್ಡ ಗಿಂಬ್ರಿ ಕೊಳ್ಳದಿರುವುದೇ ಒಳ್ಳೆಯದು. ಮಾಡುವವರ ಬಳಿ ಕುಳಿತು ಕೇಳಿ ಬನ್ನಿ.

ರಾಫಿಯಾ ನಾರಿನ ಪಾದರಕ್ಷೆ: ಹಗುರ, ಅಗ್ಗ, ಊರಿನದೇ ಕೆಲಸ. ನಮ್ಮ ಮಳೆಗಾಲಕ್ಕೆ ಮಾತ್ರ ಆಗದು.

ಆರ್ಗನ್ ಎಣ್ಣೆ: ಹುರಿದ ಬೀಜದ್ದು ಅಡುಗೆಗೆ, ಬಣ್ಣ ಗಾಢ, ಶೇಂಗಾ ಹುರಿದಂಥ ಪರಿಮಳ. ಹುರಿಯದ್ದು ಮೈಗೆ, ಕೂದಲಿಗೆ. ಎರಡನ್ನೂ ಅದಲುಬದಲು ಮಾಡಿ ತಂದವರು ಬಹಳ. ಮಹಿಳಾ ಸಹಕಾರ ಸಂಘಗಳಲ್ಲಿ ಮೊಹರು ಮಾಡಿದ, ದಿನಾಂಕವಿರುವ ಬಾಟಲಿ ಕೊಳ್ಳಿ. ಆದರೆ ಹೆಂಗಸರು ಬೀಸುತ್ತಾ ಕುಳಿತ ಪ್ರತಿ ರಸ್ತೆಬದಿ ಮಳಿಗೆಯೂ ಸಹಕಾರ ಸಂಘವಲ್ಲ. ತೀರ ಅಗ್ಗವಾದದ್ದು ಬೆರಕೆ.

9. ಊಟ

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ತರಕಾರಿ ತಾಜಿನ್, ಅಂದರೆ ಶಂಕುವಿನಾಕಾರದ ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಪಲ್ಯ, ಎಲ್ಲೆಡೆ ಇದೆ. ಅದನ್ನು ಮಾಂಸದ ಸಾರಿನಲ್ಲಿ ಬೇಯಿಸುವುದೂ ಉಂಟು. 'ಬ್ಲಾ ಲ್‌ಹಮ್', ಮಾಂಸವಿಲ್ಲದೆ, ಎಂದು ಹೇಳಿ ಸಾರಿನ ಬಗ್ಗೆಯೂ ವಿಚಾರಿಸಿ. ಒಣ ಅವರೆಯಂಥ ದೊಡ್ಡ ಕಾಳನ್ನು ಬೇಯಿಸಿ, ಅರೆದು, ಜೀರಿಗೆ, ಎಣ್ಣೆ ಹಾಕುವ 'ಬಿಸಾರಾ' ಬೆಳಗಿನ ಚಳಿಗೆ ಅಮೃತ. ಬಾದಾಮಿ, ಆರ್ಗನ್ ಎಣ್ಣೆ, ಜೇನು ಅರೆದ 'ಅಮ್ಲೂ' ರೊಟ್ಟಿಗೆ ಹಚ್ಚಿಕೊಳ್ಳಲು.

ಮೀನು ತಿನ್ನುವವರಿಗೆ ಸುಟ್ಟ ಸಾರ್ಡೀನ್, ನಮ್ಮ ಕರಾವಳಿಯ ಬೂತಾಯಿಯ ಬಳಗದ್ದು. ಬಂದರಿನ ಮಳಿಗೆಗಳಲ್ಲಿ ತೂಕ ಮತ್ತು ಬೆಲೆ ಎರಡನ್ನೂ ಒಲೆಗೆ ಹಾಕುವ ಮೊದಲೇ ಖಚಿತಪಡಿಸಿಕೊಳ್ಳಿ.

10. ಮನೆಗೆ ತರುವುದು, ಉಳಿಸಿಕೊಳ್ಳುವುದು

ಎಣ್ಣೆಯ ಬಾಟಲಿ ಕೈಚೀಲದಲ್ಲಿ ಬರಲಾರದು, ದೊಡ್ಡ ಪೆಟ್ಟಿಗೆಗೆ ಹಾಕಿ. ಮರದ ವಸ್ತುವನ್ನು ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದರೆ ತೇವ ಒಳಗೇ ನಿಲ್ಲುತ್ತದೆ. ಬೆಲೆಬಾಳುವುದಾದರೆ ಕೈಬರಹದ್ದಾದರೂ ಸರಿ, ರಸೀದಿ ಕೇಳಿ ಪಡೆಯಿರಿ.

ಅರಾರ್ ಸಮುದ್ರದ ತೇವಗಾಳಿಯಲ್ಲಿ ಹದಗೊಂಡ ಮರ. ಬಳ್ಳಾರಿ, ಕಲಬುರಗಿಯ ಒಣ ಬೇಸಗೆಗೆ ಒಮ್ಮೆಲೇ ಒಡ್ಡಿದರೆ ಬಿರುಕು ಬಿಡಬಹುದು. ಬಿಸಿಲು ಬೀಳುವ ಕಿಟಕಿ, ಎಸಿಯ ಗಾಳಿ ನೇರ ತಾಗುವ ಜಾಗ ತಪ್ಪಿಸಿ. ಒಣ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಹಚ್ಚಿ ನುಣುಪು ಮಾಡಿದ ವಸ್ತುವಾದರೆ ವರ್ಷಕ್ಕೊಮ್ಮೆ ನಾಲ್ಕು ಹನಿ ಅಗಸೆ ಎಣ್ಣೆ ಉಜ್ಜಿದರೆ ಸಾಕು. ವಾರ್ನಿಷ್ ಬಳಿದದ್ದಕ್ಕೆ ಅದೂ ಬೇಡ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಉಬ್ಬಿ ಬಿಗಿಯಾದರೆ ಉಪ್ಪುಕಾಗದ ಹಾಕಿ ತಿಕ್ಕಬೇಡಿ. ದೀಪಾವಳಿ ಕಳೆದು ಗಾಳಿ ಒಣಗುತ್ತಲೇ ಅದು ತಾನಾಗಿಯೇ ಸಡಿಲಗೊಳ್ಳುತ್ತದೆ.